ಸೇಡಂ ದಾರಿಯ ಕೀಲಿ

ಒಂದು ಮಧ್ಯಾಹ್ನ ಚಿತ್ತಾಪುರ ಮತ್ತು ಸೇಡಂ ಎರಡೂ ಊರುಗಳಲ್ಲಿ ನಮ್ಮ ಇಂಟರ್‌ನೆಟ್ ನಿಂತುಹೋಯಿತು. ಅದಕ್ಕಾಗಿ ನನ್ನ ತಂಗಿ ಹತ್ತೊಂಬತ್ತು ದಿನ ತನ್ನನ್ನು ತಾನೇ ಬೈದುಕೊಂಡಳು. ತಪ್ಪು ನನ್ನದಾಗಿತ್ತು. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಹತ್ತೊಂಬತ್ತೂ ದಿನ ಅವಳೆದುರು ಕೂತು ರೊಟ್ಟಿ ತಿಂದೆ, ನೀರು ಕುಡಿದೆ, ಬಾಯಿ ಮಾತ್ರ ಬಿಡಲಿಲ್ಲ.

ಈಗ ಎಲ್ಲ ಸರಿಹೋಗಿದೆ. ನಾವಿಬ್ಬರೂ ನೆಮ್ಮದಿಯಾಗಿಯೇ ಇದ್ದೇವೆ. ಕೇಳಿದವರ ಮುಂದೆ ನಾನು ಈ ಕಥೆಯನ್ನು ನಗುತ್ತ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಆದರೆ ಹೇಳುವಾಗ ನಗು ಬರುವ ಭಾಗವನ್ನಷ್ಟೇ ಹೇಳುತ್ತೇನೆ. ಉಳಿದದ್ದನ್ನೂ ಸೇರಿಸಿ ಒಮ್ಮೆ ಬರೆದಿಡಬೇಕು ಅನ್ನಿಸಿತು.

ನಾವು ವಾಡಿಯವರು. ಅಪ್ಪ ವಾಡಿಯಿಂದ ಸೇಡಂವರೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಹುರಿದ ಶೇಂಗಾ, ಪೇರಲ ಹಣ್ಣು ಮಾರುತ್ತಿದ್ದ. ಆರನೇ ತರಗತಿ ಮುಗಿದ ಮೇಲೆ ನಾನೂ ಒಂದು ಬುಟ್ಟಿ ಹಿಡಿದು ಅವನ ಹಿಂದೆ ಹೊರಟೆ. ತಂಗಿ ನನಗಿಂತ ಒಂಬತ್ತು ವರ್ಷ ಸಣ್ಣವಳು. ಅವಳು ಶಾಲೆಗೆ ಹೋದಳು, ಡಿಪ್ಲೊಮಾ ಮುಗಿಸಿದಳು. ನನ್ನ ಇಂಗ್ಲಿಷ್ ಏನಿದ್ದರೂ ಸ್ಟೇಷನ್ನಿನ ಹಳದಿ ಹಲಗೆಗಳ ಇಂಗ್ಲಿಷ್. ಒಂದೇ ಹೆಸರನ್ನು ಮೂರು ಲಿಪಿಗಳಲ್ಲಿ ಬರೆದಿರುತ್ತಾರಲ್ಲ, ಗಾಡಿ ನಿಂತಷ್ಟು ಹೊತ್ತು ಕನ್ನಡದ ಅಕ್ಷರಕ್ಕೆ ಇಂಗ್ಲಿಷಿನ ಅಕ್ಷರವನ್ನು ಹೊಂದಿಸಿ ಹೊಂದಿಸಿ ಕಲಿತೆ. ಯಾರೂ ಕಲಿಸದೆ ಕಲಿತೆನೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ಗಂಡನ ಮನೆಯಿಂದ ನಾನು ಬಹಳ ಹಿಂದೆಯೇ ತಿರುಗಿ ಬಂದೆ. ಅಪ್ಪ, ಅವ್ವ ಹೋದ ಮೇಲೆ ವಾಡಿಯ ಮನೆಯಲ್ಲಿ ತಂಗಿ ಮತ್ತು ನಾನು ಇಬ್ಬರೇ.

ಶಹಾಬಾದಿನಲ್ಲಿ ಒಬ್ಬ ಹಿರಿಯರಿದ್ದಾರೆ, ನಾವು ಕಾಕಾ ಅನ್ನುತ್ತೇವೆ. ಮೊದಲು ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತಿದ್ದರು, ಆಮೇಲೆ ಇಂಟರ್‌ನೆಟ್ ಕೊಡತೊಡಗಿದರು. ಹೊರಗಿನ ದೊಡ್ಡ ಲೈನು ಬಂದು ಸೇರುವುದು ಶಹಾಬಾದಿಗೆ. ಅಲ್ಲಿಂದ ಕಾಕಾ ಅವರ ಲೈನು ವಾಡಿಗೆ, ವಾಡಿಯಿಂದ ಚಿತ್ತಾಪುರಕ್ಕೆ, ಅಲ್ಲಿಂದ ಆದಿತ್ಯನಗರದ ಮೇಲೆ ಹಾದು ಸೇಡಂಗೆ, ಸೇಡಂನಿಂದ ಚಿಂಚೋಳಿಗೆ ಹೋಗುತ್ತದೆ. ಚಿಂಚೋಳಿಯಿಂದ ತೆಂಗಳಿಯ ಕಡೆ ಸುತ್ತಿ ತಿರುಗಿ ಶಹಾಬಾದಿಗೇ ಬರುತ್ತದೆ, ಕೈಬಳೆಯ ಹಾಗೆ. ಒಂದು ಕಡೆ ಜೆಸಿಬಿ ತಗುಲಿ ಲೈನು ಹರಿದರೆ ಇನ್ನೊಂದು ಕಡೆಯಿಂದ ನೆಟ್ ಸಿಗಬೇಕು, ಅದಕ್ಕಾಗಿ ಹೀಗೆ. ಐದು ಊರಿಗೆ ಐದು ರೂಟರ್, ಅಂದರೆ ನೆಟ್ಟಿಗೆ ದಾರಿ ತೋರಿಸುವ ಪೆಟ್ಟಿಗೆಗಳು. ಆ ಐದನ್ನೂ ನೋಡಿಕೊಳ್ಳುವವಳು ನನ್ನ ತಂಗಿ. ನಾನು ಚಿತ್ತಾಪುರದ ಆಫೀಸಿನಲ್ಲಿ ಕೂರುತ್ತೇನೆ. ಗಿರಾಕಿಗಳ ಫೋನ್ ಎತ್ತುವುದು, ದೂರು ಬರೆದುಕೊಳ್ಳುವುದು, ಕಂಪ್ಯೂಟರಿನ ಪರದೆಯ ಮೇಲೆ ಐದು ಊರಿನ ಗೆರೆಗಳು ಹಸಿರಾಗಿವೆಯೇ ಎಂದು ನೋಡುವುದು ನನ್ನ ಕೆಲಸ.

ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಅವಳನ್ನು ಕೇಳಿದ್ದೆ, ಯಾವ ಕಡೆಯಿಂದ ಹೋಗಬೇಕು ಅಂತ ಈ ಪೆಟ್ಟಿಗೆಗಳಿಗೆ ಹೇಳುವವರು ಯಾರು ಎಂದು.

"ಯಾರೂ ಹೇಳಂಗಿಲ್ಲ ಅಕ್ಕಾ. ತಮ್ಮತಮ್ಮೊಳಗ ಮಾತಾಡ್ಕೋತಾವ," ಎಂದಳು. "ನೀ ದಿನಾ ಮುಂಜಾನೆ ಬಾಜೂಮನಿ ಅಕ್ಕಗ 'ಚಾ ಆತೇನ್ರಿ' ಅಂತ ಕೇಳ್ತಿಲ್ಲ, ಹಂಗ. ಹತ್ತ ಸೆಕೆಂಡಿಗಿ ಒಮ್ಮೆ ಕೇಳ್ತಾವ. ನಲವತ್ತ ಸೆಕೆಂಡ್ ಆ ಕಡಿಂದ ದನಿ ಬರ್ಲಿಲ್ಲ ಅಂದ್ರ, ಆ ಮನಿಯವ್ರು ಇಲ್ಲ ಅಂತ ತಿಳ್ಕೊಂಡು ಬ್ಯಾರೆ ದಾರಿ ಹಿಡೀತಾವ."

"ಮತ್ತ ಯಾರೋ ಗುರ್ತಿಲ್ಲದವ ಬಂದು ನಾನೂ ಬಾಜೂಮನಿಯವ ಅಂದ್ರ?"

ಅವಳಿಗೆ ಭಾಳ ಖುಷಿಯಾಯಿತು. "ನೋಡು, ನಮ್ಮ ಕಾಲೇಜಿನಾಗ ಅರ್ಧ ಮಂದಿ ಈ ಪ್ರಶ್ನಿ ಕೇಳ್ಲಿಲ್ಲ. ಅದಕ್ಕ ಕೀಲಿ ಹಾಕ್ತೀವಿ. ಪ್ರತಿ ಎರಡ ಊರಿನ ನಡಬರಕ ಒಂದೊಂದು ಪಾಸ್‌ವರ್ಡ್. ಮಾತಾಡಿಸಿದಾಗೆಲ್ಲ ಆ ಗುರ್ತು ಹಚ್ಚಿ ಕಳಸ್ಬೇಕು. ಗುರ್ತು ತಪ್ಪಿತು ಅಂದ್ರ ಈ ಕಡಿಂದ ಓ ಅನ್ನಂಗಿಲ್ಲ. ಅವ ಏನ್ ಹೇಳಿದ್ರೂ ಕಿವಿಗಿ ಹಾಕ್ಕೊಳ್ಳಂಗಿಲ್ಲ."

ಅವಳು ಹೇಳುವುದನ್ನು ಕೇಳುವುದೇ ಒಂದು ಸುಖ. ಇಂಥ ಕೆಲಸ ಮಾಡುವವಳು ನನ್ನ ಸೊಂಟದ ಮೇಲೆ ಬೆಳೆದವಳೆಂದು ಎದೆಯುಬ್ಬುತ್ತಿತ್ತು. ಜೊತೆಗೆ ಒಂದು ಸಣ್ಣ ಚುಚ್ಚು ಕೂಡ ಇತ್ತು, ಸುಳ್ಳೇಕೆ ಹೇಳಲಿ. ನಾನು ಓದಿದ್ದರೆ ನನಗೂ ಇದು ಬರುತ್ತಿತ್ತು ಅನ್ನುವ ಚುಚ್ಚು.

ಮಳೆಗಾಲ ಶುರುವಾದ ಹೊಸದರಲ್ಲಿ ಒಂದು ಮಧ್ಯಾಹ್ನ ಚಿತ್ತಾಪುರದ ಮೇಲೆ ಸಿಡಿಲು ಹೊಡೆಯಿತು. ಆಫೀಸಿನ ರೂಟರ್ ಟಪ್ ಎಂದು ಸತ್ತಿತು, ಸುಟ್ಟ ವಾಸನೆ ಬಂತು. ತಂಗಿ ಚಿಂಚೋಳಿಯಲ್ಲಿದ್ದಳು. ಫೋನ್ ಮಾಡಿದೆ.

"ಅಲಮಾರದಾಗ ಇನ್ನೊಂದು ರೂಟರ್ ಅದ, ತೆಗಿ. ಪೆನ್‌ಡ್ರೈವಿನಾಗ ಚಿತ್ತಾಪುರದ ಫೈಲ್ ಅದ, ಹಾಕು. ನೀ ನೋಡಿದ್ದಿಲ್ಲ ನಾ ಮಾಡೋದು? ಹಂಗ ಮಾಡು. ನಾ ಬಸ್ಸಿಗಿ ನಿಂತೀನಿ."

ಹಾಗೇ ಮಾಡಿದೆ. ಫೈಲಿನಲ್ಲಿ ಎಲ್ಲವೂ ಬಂತು, ಕೀಲಿಯ ಪಾಸ್‌ವರ್ಡ್ ಮಾತ್ರ ಬರಲಿಲ್ಲ. ಕದ್ದವರ ಕೈಗೆ ಸಿಗಬಾರದೆಂದು ಅದನ್ನು ಫೈಲಿನಲ್ಲಿ ಇಡುವುದಿಲ್ಲವಂತೆ. ಅವಳು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕೂಗಿ ಹೇಳಿದಳು. ವಾಡಿ ಕಡೆಯ ಕೀಲಿಗೆ ವಾಡಿಯ ಹೆಸರು, ಸೇಡಂ ಕಡೆಯ ಕೀಲಿಗೆ ಸೇಡಂ ಹೆಸರು, ಎಲ್ಲ ಇಂಗ್ಲಿಷಿನ ಸಣ್ಣ ಅಕ್ಷರ, ಎರಡರ ಮುಂದೂ ನಮ್ಮ ಮನೆ ನಂಬರು. ಒತ್ತಿದೆ. ಒತ್ತಿದ್ದೆಲ್ಲ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ವಾಡಿಯ ಗೆರೆ ಹಸಿರಾಯಿತು. ಸೇಡಂ ಗೆರೆ ಕೆಂಪಾಗಿಯೇ ಉಳಿಯಿತು. ಅಳಿಸಿ ಮತ್ತೆ ಒತ್ತಿದೆ. ಕೆಂಪೇ. ಮತ್ತೆ ಅವಳಿಗೆ ಫೋನ್ ಹಚ್ಚಿದರೆ ಬಸ್ಸು ಆಗಲೇ ಕಾಡಿನ ದಾರಿ ಹಿಡಿದಿತ್ತು, ಸಿಗ್ನಲ್ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಆಗ ಯಾರಿಗೂ ಏನೂ ತೊಂದರೆ ಇರಲಿಲ್ಲ. ಚಿತ್ತಾಪುರಕ್ಕೆ ವಾಡಿ ಕಡೆಯಿಂದ ನೆಟ್ ಬಂದಿತ್ತು, ಸೇಡಂಗೆ ಚಿಂಚೋಳಿ ಕಡೆಯಿಂದ ಬರುತ್ತಿತ್ತು. ಅವಳು ಬರುವವರೆಗೆ ಎರಡು ಮೂರು ತಾಸು ಸುಮ್ಮನೆ ಕೂತಿದ್ದರೆ ಸಾಕಿತ್ತು. ನನಗೆ ಕೂರಲಾಗಲಿಲ್ಲ. ಅವಳು ಬಾಗಿಲಲ್ಲಿ ಕಾಲಿಟ್ಟಾಗ ಪರದೆಯಲ್ಲಿ ಒಂದೂ ಕೆಂಪು ಗೆರೆ ಇರಬಾರದು, ಅಕ್ಕ ಒಬ್ಬಳೇ ಎಲ್ಲ ಮಾಡಿದಳು ಅನ್ನಬೇಕು, ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಕೀಲಿ ಬೇಕೋ ಬೇಡವೋ ಎಂದು ಕೇಳುವ ಒಂದು ಸಾಲು ಆ ಪರದೆಯಲ್ಲಿ ಇರುತ್ತದೆ. ಅವಳು ಪರೀಕ್ಷೆ ಮಾಡುವಾಗ ನೋಡಿದ್ದೆ. ಚಿತ್ತಾಪುರದ ರೂಟರಿನಲ್ಲಿ, ಸೇಡಂ ಕಡೆಯ ಲೈನಿಗೆ ಕೀಲಿ ಬೇಡ ಅಂತ ಮಾಡಿದೆ. ಆಮೇಲೆ ಸೇಡಂ ರೂಟರಿನ ಪುಟ ತೆರೆದೆ. ಅಗತ್ಯ ಬಿದ್ದರೆ ಬಂದ್ ಮಾಡಿ ಚಾಲೂ ಮಾಡಲಿ ಎಂದು ಅದರ ಒಳಗೆ ಹೋಗುವ ಪಾಸ್‌ವರ್ಡನ್ನು ಅವಳೇ ನನಗೆ ಕೊಟ್ಟಿದ್ದಳು. ಅಲ್ಲಿಯೂ ಕೀಲಿ ಬೇಡ ಅಂದೆ. ಒಂದು ನಿಮಿಷದಲ್ಲಿ ಗೆರೆ ಹಸಿರಾಯಿತು. ನಾನು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ತಂಗಿ ತೊಯ್ದು ತಪ್ಪಡಿಯಾಗಿ ಬಂದಳು. ಪರದೆ ನೋಡಿದಳು. "ಅಕ್ಕಾ! ಖರೇನ ನೀನ ಮಾಡ್ದೇನು?"

"ನೀ ಹೇಳ್ದಂಗ ಮಾಡ್ದೆ."

ಅಲ್ಲೇ ನಿಂತು ಕಾಕಾಗೆ ಫೋನ್ ಮಾಡಿದಳು. "ಕಾಕಾ, ನಮ್ಮ ಅಕ್ಕ ಒಬ್ಬಾಕಿನೇ ಎತ್ತಿ ನಿಂದ್ರಿಸ್ಯಾಳ ನೋಡ್ರಿ! ಇನ್ನ ನನಗೇನ್ ಕೆಲಸಿಲ್ಲ." ಕಾಕಾ ಚಿತ್ತಾಪುರದ ಲೈನ್‌ಮನ್ನನಿಗೆ ಹೇಳಿ ನಮಗೆ ಬಿಸಿ ಮಿರ್ಚಿ ಭಜಿ, ಮಂಡಕ್ಕಿಯ ಸುಸಲಾ ಕಳಿಸಿದರು. ತಂಗಿ ತಲೆ ಒರೆಸಿಕೊಳ್ಳುತ್ತ ನಗುತ್ತಿದ್ದಳು. ಈಗ ಹೇಳಬೇಕು, ಕೀಲಿ ತೆಗೆದಿದ್ದೇನೆ, ನೀನೇ ಹಾಕು ಅನ್ನಬೇಕು ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಮಿರ್ಚಿ ಹಾಕಿಕೊಂಡೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಇನ್ನೊಂದು ಕೆಲಸ ಬಂತು. ಹದಿನೈದು ದಿನ ಕಳೆದ ಮೇಲೆ, ಇಷ್ಟು ದಿನ ಏನೂ ಆಗಿಲ್ಲ, ಇನ್ನು ಏನಾದೀತು ಅನ್ನಿಸಿತು. ಆಮೇಲೆ ನಿಜಕ್ಕೂ ಮರೆತೆ.

ಮಳೆಗಾಲ ಮುಗಿದ ಮೇಲೆ ತಂಗಿ ಐದೂ ರೂಟರ್‌ಗಳ ಸಾಫ್ಟ್‌ವೇರ್ ಹೊಸದು ಮಾಡಿದಳು. ಹೊಸದಕ್ಕೆ ಹೋಗುವಾಗ ಹಳೆಯ ಸೆಟಿಂಗ್ ಎಲ್ಲ ತಾನಾಗಿ ಬರುತ್ತದೆ, ಅಲ್ಲಲ್ಲಿ ತೆರೆದು ನೋಡಿ ಸಾಕು ಮಾಡಿದ್ದಳು.

ತೊಗರಿ ಹೂವಿಗೆ ಬಂದ ಕಾಲದಲ್ಲಿ ಆದಿತ್ಯನಗರದ ನಮ್ಮ ಪೆಟ್ಟಿಗೆಯಲ್ಲಿ ಒಂದು ಸ್ವಿಚ್ ಕೆಟ್ಟಿತು. ಸ್ವಿಚ್ ಅಂದರೆ ಬಂದ ಲೈನನ್ನು ನಾಲ್ಕಾರು ಕಡೆ ಹಂಚುವ ಸಾಧನ. ಲೈನ್‌ಮನ್, ಕಾಕಾ ಅವರ ಕೋಣೆಯಿಂದ ಕೈಗೆ ಸಿಕ್ಕ ಹಳೆಯದೊಂದನ್ನು ತಂದು ಅದರ ಜಾಗದಲ್ಲಿ ಜೋಡಿಸಿದ. ನೋಡಲು ಸ್ವಿಚ್ಚಿನಂತೆಯೇ ಇತ್ತು. ಆದರೆ ಅದು ರೂಟರ್. ತಂಗಿ ಕೆಲಸ ಕಲಿಯುವಾಗ ಅಭ್ಯಾಸಕ್ಕೆ ಬಳಸಿದ್ದು. ಸೇಡಂ ದಾರಿಯ ವಿಳಾಸದ ಅಂಕಿಗಳನ್ನೇ ಅದಕ್ಕೆ ಹಾಕಿ, ಶಹಾಬಾದಿನ ರೂಟರಿನ ಹಾಗೆ ನಡೆಯಲು ಕಲಿಸಿದ್ದಳು. ಅಂದರೆ ಅದು ಚಾಲೂ ಆದ ಕೂಡಲೇ, ಹೊರಗಿನ ಲೋಕಕ್ಕೆ ಹೋಗುವ ದಾರಿ ನನ್ನ ಬಳಿ ಇದೆ ಎಂದು ಸಾರುತ್ತಿತ್ತು. ಕೀಲಿ ಇದ್ದಿದ್ದರೆ ಅದರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಕೀಲಿ ಇರಲಿಲ್ಲ. ಚಿತ್ತಾಪುರಕ್ಕೂ ಸೇಡಂಗೂ ಶಹಾಬಾದಿಗಿಂತ ಅದೇ ಹತ್ತಿರ. ಹತ್ತಿರದವರು ಹೇಳಿದ್ದನ್ನು ಎರಡೂ ನಂಬಿದವು. ಎರಡು ಊರಿನ ಜನ ಒತ್ತಿದ್ದು, ಕೇಳಿದ್ದು, ಕಳಿಸಿದ್ದೆಲ್ಲ ಆದಿತ್ಯನಗರದ ಆ ಡಬ್ಬಿಯೊಳಗೆ ಹೋಗಿ ಮಾಯವಾಗತೊಡಗಿತು.

ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನನಗೆ ಗೊತ್ತಿದ್ದದ್ದು ಫೋನ್ ಬಡಿದುಕೊಳ್ಳುವುದೊಂದೇ. ಸೇಡಂನ ಪಡಿತರ ಅಂಗಡಿಯವರು ಮೊದಲು.

"ಏನ್ರಿ ಅಕ್ಕಾರ, ಹೆಬ್ಬಟ್ಟು ಒತ್ತಿ ಒತ್ತಿ ಮಂದಿ ಬಟ್ಟು ಸವದು ಹೋಗ್ಯಾವ. ನಿಮ್ಮ ನೆಟ್ ಬರವಲ್ದು."

"ನಮ್ಮ ಕಡಿ ಎಲ್ಲಾ ಗೆರಿ ಹಸರ ಅದಾವ್ರಿ."

"ಹಸರಿದ್ದದ್ದು ತಗೊಂಡು ಪಲ್ಯ ಮಾಡ್ಲೇನು?"

ಸೇಡಂ ಹತ್ತಿರದ ಕುರಕುಂಟಾದಿಂದ ಒಬ್ಬರು, ಕಾಲೇಜಿನ ಅರ್ಜಿ ತುಂಬಿಸುವ ಝೆರಾಕ್ಸ್ ಅಂಗಡಿಯಿಂದ ಒಬ್ಬರು, ಚಿತ್ತಾಪುರದೊಳಗಿನಿಂದಲೇ ಹತ್ತಾರು ಮಂದಿ. ಶಹಾಬಾದ್, ವಾಡಿ, ಚಿಂಚೋಳಿಗಳಲ್ಲಿ ನೆಟ್ ಚೆನ್ನಾಗಿಯೇ ಇತ್ತು. ಅದೇ ವಿಚಿತ್ರ. ತಂಗಿ ವಾಡಿಯಿಂದ ಓಡಿಬಂದು ನನ್ನ ಕುರ್ಚಿಯಲ್ಲಿ ಕೂತಳು. ನಾಲ್ಕು ತಾಸು ಏಳಲಿಲ್ಲ. ಕೊನೆಗೆ ದಾರಿಗಳ ಪಟ್ಟಿಯಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದ್ಯಾವ ಬಾಜೂಮನಿ? ಇಂಥಾದ್ದು ನಾ ಇಟ್ಟೇ ಇಲ್ಲ" ಎಂದಳು. ಲೈನ್‌ಮನ್ನನಿಗೆ ಫೋನ್ ಮಾಡಿ ಆ ಡಬ್ಬಿಯ ಕರೆಂಟು ತೆಗೆಸಿದಳು. ಒಂದು ನಿಮಿಷದೊಳಗೆ ಎರಡೂ ಊರು ಎದ್ದವು.

ನಾನು ಚಹಾ ತಂದು ಅವಳ ಹಿಂದೆ ನಿಂತಿದ್ದೆ. ಅವಳು ಕೀಲಿಯ ಸಾಲು ತೆರೆದಳು. ಚಿತ್ತಾಪುರದಲ್ಲಿ ಇಲ್ಲ. ಸೇಡಂನಲ್ಲಿ ಇಲ್ಲ.

"ಸಾಫ್ಟ್‌ವೇರ್ ಹೊಸಾದು ಮಾಡ್ದಾಗ ಇವೆರಡು ಉದುರ್ಯಾವ ಅಕ್ಕಾ. ನಾ ನೋಡೇ ಇಲ್ಲ. ನೋಡೀನಿ ಅಂತ ಅನ್ಕೊಂಡಿದ್ದೆ. ಎಂಥಾ ಕೆಲಸ ಮಾಡ್ದೆ ನಾನು."

ಸಿಡಿಲಿನ ದಿನ ಪೂರ್ತಿ ನನ್ನ ಕಣ್ಣ ಮುಂದೆ ಬಂತು. ಆ ಸಾಲನ್ನು ಮುಟ್ಟಲು ನನಗೆ ಬರುತ್ತದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ, ಹಾಗಾಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಹೇಳಿದ್ದು ಇಷ್ಟು: "ಚಾ ಕುಡಿ, ಆರ್ತದ."

ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಆ ಮೂರು ಶಬ್ದ. ಕೀಲಿ ತೆಗೆದದ್ದು ತಿಳಿಯದವಳ ಅವಸರ ಅನ್ನಬಹುದು. ಚಹಾ ಆರುತ್ತದೆ ಅಂದದ್ದಕ್ಕೆ ಅಂಥ ನೆಪವಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಬೇರೆಯೇ ಆದಳು. ಒಂದು ಅಂಕಿ ಬದಲಿಸಿದರೆ ಮೂರು ಸಲ ತೆರೆದು ನೋಡುತ್ತಿದ್ದಳು. ಊಟದ ನಡುವೆ ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಗಿರಾಕಿ ಒಬ್ಬ ನೆಟ್ ಸ್ಲೋ ಅಂದರೆ, "ನಂದೇ ತಪ್ಪಿರ್ಬೇಕ್ರಿ, ನೋಡ್ತೀನಿ" ಅನ್ನುತ್ತಿದ್ದಳು, ಅವನ ಮನೆಯ ವೈರನ್ನು ಇಲಿ ಕಡಿದಿದ್ದರೂ. ಕಾಕಾ ಗದರಲಿಲ್ಲ. "ತಪ್ಪು ಯಾರಿಗಿ ತಪ್ಪಿಲ್ಲವ್ವ" ಎಂದರು. ಆದರೆ ಕಲಬುರಗಿಯ ಒಬ್ಬರಿಗೆ ರೂಟರ್‌ಗಳನ್ನು ಒಪ್ಪಿಸಿದರೆ ಹೇಗೆ, ನೀನು ನಿನ್ನ ಅಕ್ಕನ ಜೊತೆ ಆಫೀಸ್ ನೋಡಿಕೋ, ವಿಚಾರ ಮಾಡು ಅಂದರು. ಬಾಯಿಮಾತಿಗೆ ಅಂದರೋ, ಅವಳು ಸೋತದ್ದು ನೋಡಲಾಗದೆ ಅಂದರೋ ಗೊತ್ತಿಲ್ಲ. ಅವಳು ವಿಚಾರವನ್ನೇ ಮಾಡಲಿಲ್ಲ. ಸೋಮವಾರ ಬಂದು ಆಗಲಿ ಅಂತ ಹೇಳುತ್ತೇನೆ ಅಂದುಬಂದಳು.

ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಬಾಗಿಲಿಗೆ ಒರಗಿ ಕೂತು ನಗಲು ನೋಡಿದಳು. "ಅಕ್ಕಾ, ನಿನ್ನ ಬಾಜೂಕ ಇನ್ನೊಂದು ಕುರ್ಚಿ ಹಾಕಸು. ನಾಳಿಂದ ನಾನೂ ಕಂಪ್ಲೇಂಟ್ ಬರ್ಕೋತ ಕುಂದರ್ತೀನಿ. ಜಗಳಾ ಆಡೋರು ನಿನ್ನ ಪಾಲು, ಚೊಲೋ ಮಾತಾಡೋರು ನನ್ನ ಪಾಲು."

"ರೂಟರ್?"

"ಅದು ನನ್ನ ಕೈಯಾಂದಲ್ಲ ಬಿಡು. ನನ್ನ ಕೈ ಮ್ಯಾಲ ನನಗ ನಂಬಿಕಿ ಉಳದಿಲ್ಲ."

ಅವಳು ಆ ಕೈಗಳನ್ನು ನೋಡಿಕೊಂಡಳು. ನಾನು ಹಿಟ್ಟಿನ ಕಡೆ ನೋಡುತ್ತ ಹೇಳಿದೆ, "ನಾನ ತೆಗದೀನಿ."

"ಏನ್ ತೆಗದಿ?"

"ಕೀಲಿ."

"ಯಾವ ಕೀಲಿ? ಹಿತ್ತಲ ಬಾಗಲದ್ದಾ?"

"ಸೇಡಂ ದಾರೀದು. ಸಿಡ್ಲು ಹೊಡದ ದಿನ. ಎರಡೂ ಕಡಿ ನಾನ ತೆಗದೀನಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ಕರಕಾಗತೊಡಗಿತು, ಇಬ್ಬರೂ ಮುಟ್ಟಲಿಲ್ಲ.

"ಯಾಕ?"

"ನೀ ಹೇಳಿದ ಪಾಸ್‌ವರ್ಡ್ ಹಾಕ್ದೆ, ತಗೊಳ್ಲಿಲ್ಲ."

"ಯಾಕ ತಗೊಳ್ಳಂಗಿಲ್ಲ? ಏನಂತ ಹಾಕ್ದಿ?"

"ಎಸ್, ಇ, ಆರ್, ಎ, ಎಂ."

"ಆರ್?"

"ಹೂಂ. ಟೇಸನ್ ಬೋರ್ಡಿನ ಮ್ಯಾಲ ಹಂಗೇ ಅದ."

ಅವಳು ಬಾಯಿ ತೆರೆದು ಕೂತಳು. ರೈಲಿನವರ ಹಲಗೆಯಲ್ಲಿ ಆ ಊರಿಗೆ ಆರ್ ಬರೆಯುತ್ತಾರೆ. ಬಸ್ಸಿನ ಮೇಲೆ, ಆಫೀಸುಗಳ ಬೋರ್ಡಿನ ಮೇಲೆ ಡಿ ಬರೆಯುತ್ತಾರೆ. ಅವಳು ಓದಿದ್ದು ಪುಸ್ತಕದಲ್ಲಿ, ನಾನು ಓದಿದ್ದು ಗಾಡಿಯ ಕಿಟಕಿಯಲ್ಲಿ. ಒಂದೇ ಊರು ನಮ್ಮಿಬ್ಬರ ತಲೆಯಲ್ಲಿ ಎರಡು ಬಗೆಯ ಅಕ್ಷರಗಳಲ್ಲಿ ಕೂತಿತ್ತು, ಅದು ಅಲ್ಲಿಯವರೆಗೆ ನಮಗೆ ತಿಳಿದೇ ಇರಲಿಲ್ಲ. ಜನರ ಮುಂದೆ ನಾನು ನಗುತ್ತ ಹೇಳುವುದು ಈ ಭಾಗವನ್ನು.

ಅವಳು ಆಗ ನಗಲಿಲ್ಲ. "ತಪ್ಪಾಗಿದ್ದಕ್ಕ ನಾ ಏನೂ ಅನ್ನಂಗಿಲ್ಲ," ಎಂದಳು. "ಹತ್ತೊಂಬತ್ತ ದಿನ ಅಕ್ಕಾ. ನಾ ಹುಚ್ಚಿಗತೆ ಎದ್ದೆದ್ದು ನೋಡೋದು ನೋಡಿದಿ. ನಾ ಅಳೋದು ನೋಡಿದಿ. ನೋಡ್ಕೋತ ಕುಂತಿ. ನನಗ ಕೆಲಸಾನೇ ಬರಂಗಿಲ್ಲ ಅಂತ ನಾ ನಂಬಿದ್ದೆ."

ನೀನು ನನ್ನನ್ನು ಹೊಗಳಿದ್ದು ಅದೊಂದೇ ದಿನ, ಅದನ್ನು ಬಿಟ್ಟುಕೊಡಲು ಆಗಲಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಅದನ್ನು ಹೇಳಿದ್ದರೆ ಅವಳು ಅತ್ತು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು, ಅದು ಇನ್ನೊಂದು ಮೋಸವಾಗುತ್ತಿತ್ತು. ಅವಳು ಎದ್ದು ಹೊರಗೆ ಹೋದಳು.

ಸೋಮವಾರ ಮುಂಜಾನೆ ಒಂದೇ ಗಾಡಿಯಲ್ಲಿ ಶಹಾಬಾದಿಗೆ ಹೋದೆವು. ಅವಳು ಒಂದು ಕಿಟಕಿಗೆ, ನಾನು ಇನ್ನೊಂದು ಕಿಟಕಿಗೆ. ಕಾಕಾ ಅಂಗಡಿಯ ಮುಂದೆ ಕೇಬಲ್ ಸುರುಳಿಗಳ ನಡುವೆ ಕೂತಿದ್ದರು. ಅವಳಿಗಿಂತ ಮೊದಲು ನಾನು ಮಾತು ತೆಗೆದೆ. ನಿಂತಲ್ಲೇ, ಒಂದೂ ಬಿಡದೆ ಹೇಳಿದೆ, ಚಹಾದ ಮಾತನ್ನೂ ಸೇರಿಸಿ.

ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಂಗಾದ್ರ ಆ ಮಿರ್ಚಿ ವಾಪಸ್ ಕೊಡವ್ವ," ಎಂದರು. ಆಮೇಲೆ ನಗದೆ, "ಎರಡ ಊರಿನ ಮಂದಿ ಬೈದದ್ದು ಹೋಗ್ಲಿ. ಈ ಹುಡುಗಿ ಮಾರಿ ನೋಡಿದ್ದೇನು ನೀನು, ಇಷ್ಟ ದಿನ?" ಅಂದರು. ನೋಡಿದ್ದೆ ಎಂದೆ.

ಆಗ ತಂಗಿ ಮುಂದೆ ಬಂದಳು. "ಕಾಕಾ, ಕಲಬುರಗಿಯವ್ರಿಗಿ ಬ್ಯಾಡ ಅನ್ರಿ. ರೂಟರ್ ನಾನ ನೋಡ್ತೀನಿ." ಎಂದಳು. "ನಂದೂ ತಪ್ಪದ. ಊರ ಹೆಸರು, ಮನಿ ನಂಬರು ಪಾಸ್‌ವರ್ಡ್ ಇಡ್ತಾರೇನು? ಫೋನಿನ್ಯಾಗ ಬಸ್‌ಸ್ಟ್ಯಾಂಡ್ ತುಂಬ ಒದರಿ ಹೇಳ್ತಾರೇನು? ಎಲ್ಲಾ ಕೀಲಿ ಬದಲಿ ಮಾಡ್ಬೇಕು. ಎರಡ ದಿನ ಕೊಡ್ರಿ."

"ಕುಂತಲ್ಲೇ ಲ್ಯಾಪ್‌ಟಾಪಿನಾಗ ಮಾಡ್ಲಿಕ್ಕ ಬರಲ್ದೇನು?"

"ಬರ್ತದ್ರಿ. ಒಂದ ಅಕ್ಷರ ತಪ್ಪಿತು ಅಂದ್ರ ಆ ಊರಿನ ಪೆಟ್ಟಿಗಿ ನನ್ನ ಕೈಗಿ ಸಿಗಂಗಿಲ್ಲ. ಎದುರಿಗಿ ಕುಂತು ಮಾಡ್ತೀನಿ. ಇಕಿ ನನ್ನ ಸಂಗಟ ಬರ್ಬೇಕು. ಚೀಲಾ ಹಿಡೀಲಿಕ್ಕ ಯಾರರ ಬೇಕಲ್ಲ."

ಇಕಿ ಅಂದರೆ ನಾನು. ಅಕ್ಕ ಅನ್ನಲಿಲ್ಲ. ಆದರೂ ನನಗೆ ಕಣ್ಣೀರು ಬಂತು, ಅವಳು ನೋಡಬಾರದೆಂದು ಚೀಲ ಹುಡುಕುವ ನೆಪ ಮಾಡಿದೆ.

ಆ ಎರಡು ದಿನಗಳಷ್ಟು ಖುಷಿಯ ದಿನಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ. ಮೊದಲ ದಿನ ಶಹಾಬಾದ್, ವಾಡಿ. ಎರಡನೆಯ ದಿನ ಚಿತ್ತಾಪುರ, ಆದಿತ್ಯನಗರ, ಸೇಡಂ, ಕೊನೆಗೆ ಚಿಂಚೋಳಿ. ಪ್ರತಿ ಊರಿನಲ್ಲಿ ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ನೆಲಕ್ಕೇ ಕೂರುತ್ತಿದ್ದಳು. ಗಿರಾಕಿಗಳ ಕಡೆಗೆ ಹೋಗುವ ವೈರು ಸಿಕ್ಕಿಸುವ ತೂತುಗಳಲ್ಲಿ ರೂಟರ್ ಮಾತೇ ಆಡದಂತೆ ಬಾಯಿ ಕಟ್ಟಿಸಿದಳು. ಖಾಲಿ ತೂತುಗಳನ್ನು ಬಂದ್ ಮಾಡಿದಳು. ಹೊರಗಿನ ದಾರಿ ನನ್ನ ಬಳಿ ಇದೆ ಎಂದು ಶಹಾಬಾದ್ ಬಿಟ್ಟು ಬೇರೆ ಯಾರು ಹೇಳಿದರೂ ನಂಬಬೇಡ ಎಂದು ಉಳಿದ ನಾಲ್ಕು ಊರಿಗೂ ಹೇಳಿಟ್ಟಳು. ಆದಿತ್ಯನಗರದ ಆ ಅಭ್ಯಾಸದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, "ನೀ ಏನ್ ಮಾಡ್ತೀಯಪ್ಪ, ನಾ ಕಲಿಸಿದ್ದು ನೀ ಮಾಡಿದಿ" ಎಂದು ಅದರ ತಲೆ ತಟ್ಟಿದಳು. ಅದರ ಹೊಟ್ಟೆಯೊಳಗಿದ್ದುದನ್ನೆಲ್ಲ ಅಲ್ಲೇ ಅಳಿಸಿಹಾಕಿದಳು.

ಸೇಡಂನಲ್ಲಿ ಬಸ್‌ಸ್ಟ್ಯಾಂಡಿನ ಎದುರು ಖಾನಾವಳಿಯಲ್ಲಿ ಉಂಡೆವು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ. ಅವಳು ನನ್ನ ತಟ್ಟೆಗೆ ಶೇಂಗಾ ಹಿಂಡಿ ಹಾಕುತ್ತ, "ಈ ಊರಿನ ಹೆಸರು ಸರಿಯಾಗಿ ಹೇಳು ನೋಡಮಾ" ಎಂದಳು. ನಾನು ಅಕ್ಷರ ಅಕ್ಷರ ಬಿಡಿಸಿ ಡಿ ಹಾಕಿ ಹೇಳಿದೆ. ಪಕ್ಕದಲ್ಲಿ ಉಣ್ಣುತ್ತಿದ್ದವರೊಬ್ಬರು, "ಆರ್ ಅದರೀ ಅಕ್ಕಾರ, ಟೇಸನ್ ಮ್ಯಾಲ ನೋಡ್ರಿ" ಎಂದರು. ಅವಳಿಗೆ ನಕ್ಕು ನಕ್ಕು ನೆತ್ತಿಗೇರಿ ಕೆಮ್ಮು ಬಂತು. ನೀರು ಕೊಟ್ಟೆ. ಗ್ಲಾಸ್ ಕೆಳಗಿಟ್ಟು, "ಅಕ್ಕಾ, ಸಾಕು ಬಿಡು" ಅಂದಳು. ಏನು ಸಾಕು ಎಂದು ನಾನು ಕೇಳಲಿಲ್ಲ.

ಹೊಸ ಪಾಸ್‌ವರ್ಡ್‌ಗಳು ಉದ್ದವಾದವು, ಯಾವ ಊರಿನ ಹೆಸರೂ ಅಲ್ಲ, ಯಾವ ಅರ್ಥವೂ ಇಲ್ಲ. ಅವುಗಳನ್ನು ಒತ್ತುವಾಗಲೆಲ್ಲ ಅವಳು ನನಗೆ ಹೇಳುತ್ತಿದ್ದಳು, "ಆ ಕಡಿ ತಿರುಗು." ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಇವತ್ತಿಗೂ ಅವುಗಳಲ್ಲಿ ಒಂದೂ ನನಗೆ ಗೊತ್ತಿಲ್ಲ, ಹೇಳು ಅಂತ ಕೇಳುವುದೂ ಇಲ್ಲ. ಒಮ್ಮೊಮ್ಮೆ ಫೋನ್ ಎತ್ತಿ ಗಿರಾಕಿಗೆ ಉತ್ತರ ಕೊಡುವಾಗ ಆ ಹತ್ತೊಂಬತ್ತು ದಿನ ನೆನಪಾಗಿ ಮಾತು ತಡವರಿಸುತ್ತದೆ. ಅದು ಇರಲಿ, ಇರಬೇಕಾದದ್ದೇ.

ಚಿಂಚೋಳಿಯಲ್ಲಿ ಕೊನೆಯ ಕೀಲಿ ಹಾಕುವಾಗ ಸಂಜೆ ನಾಲ್ಕು ದಾಟಿತ್ತು. ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ಟಕಟಕ ಸದ್ದು ನಿಂತಿತು.

"ಆತು. ಈಗ ತಿರುಗಿ ನೋಡು. ಬಾಜೂಮನಿಯವ್ರು ಬಂದಾರೇನು ಓದು."

ಅವಳು ಆಗಲೇ ವೈರು ಸುತ್ತುತ್ತಿದ್ದಳು. ನಾನು ಬಗ್ಗಿ ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದೆ. "ಸೇಡಂ ಬಂದದ. ಶಹಾಬಾದ್ ಬಂದದ. ಬ್ಯಾರೆ ಯಾರೂ ಇಲ್ಲ."

"ಇಲ್ಲಲ್ಲ?"

"ಇಲ್ಲ."

ಅವಳು ಬಗ್ಗಿ ನೋಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ನನ್ನ ಚೀಲಕ್ಕೆ ಹಾಕಿ, "ನಡಿ ಅಕ್ಕಾ, ಬಸ್ ಬಂತು" ಎಂದಳು.